ಭೂಮಿಕಾಳ ಹೆಸರಿನ ಪಾಸ್‌ವರ್ಡ್

ಸುವರ್ಣಕ್ಕ, ಆ ಪಾಸ್‌ವರ್ಡ್ ಬದಲಿಸಿದವಳು ನಾನು. ನೀವಲ್ಲ. ಮೂರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸ್ಟಾಫ್ ರೂಮಿನಲ್ಲಿ ನಿಮ್ಮ ಪಕ್ಕ ಕೂತಿದ್ದೇನೆ, ನಿಮ್ಮ ಡಬ್ಬಿಯ ರೊಟ್ಟಿ ತಿಂದಿದ್ದೇನೆ. ಎದುರಿಗೆ ಹೇಳಲು ಹೋದರೆ ನೀವು ನಡುವೆಯೇ ನನ್ನನ್ನು ಸಮಾಧಾನ ಮಾಡಲು ಶುರುಮಾಡುತ್ತೀರಿ — ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾವುದನ್ನೂ ಹಾರಿಸಿಕೊಂಡು ಹೋಗಬಾರದೆಂದು.

ಇಳಕಲ್ ಹತ್ತಿರದ ನಮ್ಮ ಶಾಲೆಯಲ್ಲಿ ಏಳು ಜನ ಶಿಕ್ಷಕರು, ಇಲಾಖೆಯ ಜಾಲತಾಣಕ್ಕೆ ಏಳೂ ಜನರ ಲಾಗಿನ್ ನನ್ನೊಬ್ಬಳ ಲ್ಯಾಪ್‌ಟಾಪಿನಲ್ಲಿ. ಮೊದಲು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಎಲ್ಲರ ಪಾಸ್‌ವರ್ಡ್ ಬರೆದಿಡುತ್ತಿದ್ದಿರಿ. ನಾನು ಬಂದವಳೇ ನಕ್ಕು ಆ ಹಾಳೆ ಹರಿದುಹಾಕಿದೆ, ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಂಡೆ. ಪಾಸ್‌ವರ್ಡನ್ನು ತಾನೇ ಸೃಷ್ಟಿಸುತ್ತದೆ, ತಾನೇ ನೆನಪಿಡುತ್ತದೆ, ತಾನೇ ತುಂಬುತ್ತದೆ ಎಂದು ಎಷ್ಟು ಜಂಬ ಕೊಚ್ಚಿಕೊಂಡಿದ್ದೆ! ನೀವಂತೂ ನನ್ನನ್ನು ದೊಡ್ಡ ಇಂಜಿನಿಯರ್ ಎಂಬಂತೆ ನೋಡಿದಿರಿ.

ಆ ವರ್ಷ ವರ್ಗಾವಣೆಯ ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು. ಕಿವಿ ಕೇಳದ ನಿಮ್ಮ ಭೂಮಿಕಾಳನ್ನು ಅವಳಿಗೆ ತಕ್ಕ ಶಾಲೆಗೆಂದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ನಿಮ್ಮ ತಂಗಿಯ ಮನೆಯಲ್ಲಿ ಬಿಟ್ಟಿದ್ದಿರಿ. ಆರು ವರ್ಷದ ಕೂಸು. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು, ಅಮೀನಗಡದಲ್ಲಿಳಿದು ಕರದಂಟು ತೆಗೆದುಕೊಂಡು, ಮುಂದಿನ ಬಸ್ಸಿಗೆ ಹೋಗುತ್ತಿದ್ದಿರಿ. ವರ್ಗವಾದರೆ ಮಗಳ ಜೊತೆ ಇರಬಹುದು, ಅವಳು ಕಲಿಯುತ್ತಿರುವ ಕೈಸನ್ನೆಯ ಭಾಷೆಯನ್ನು ಅವಳೊಂದಿಗೇ ಕಲಿಯಬಹುದು. ನೀವು ಕೇಳಿದ್ದು ಅಷ್ಟೇ.

ವರ್ಗಾವಣೆಯ ಅರ್ಜಿ ಸಲ್ಲಿಸುವ ಕೊನೆಯ ದಿನಕ್ಕೆ ಒಂದು ವಾರ ಮುಂಚೆ ನಿಮ್ಮ ಅರ್ಜಿಯನ್ನೊಮ್ಮೆ ನೋಡೋಣವೆಂದು ನಾನೊಬ್ಬಳೇ ಲಾಗಿನ್ ಆದೆ. ಪಾಸ್‌ವರ್ಡ್ ಬದಲಿಸದೆ ಮುಂದೆ ಬಿಡುವುದಿಲ್ಲ ಎಂದಿತು ಆ ಜಾಲತಾಣ. ಮ್ಯಾನೇಜರ್ ಸೂಚಿಸಿದ ಉದ್ದನೆಯ ಅಕ್ಷರ-ಅಂಕಿಗಳನ್ನು ಒಪ್ಪಿಕೊಂಡು ಒತ್ತಿದೆ. ಬೇರೆ ಕಡೆಯಾದರೆ, ಹೊಸದನ್ನು ಉಳಿಸಲೇ ಎಂದು ಅದು ಕೇಳುತ್ತದೆ. ಅಂದು ಕೇಳಲಿಲ್ಲ. ಕೇಳಲಿಲ್ಲವೆಂಬುದು ನನ್ನ ಗಮನಕ್ಕೂ ಬಂತು — ಅಷ್ಟರಲ್ಲಿ ಗಂಟೆ ಹೊಡೆಯಿತು, ಉಳಿಸಿಕೊಂಡಿರುತ್ತದೆ ಬಿಡು ಎಂದು ಮುಚ್ಚಿಟ್ಟು ಎದ್ದುಹೋದೆ. ನಿಮಗೆ ಹೇಳಲೂ ಇಲ್ಲ.

ಕೊನೆಯ ದಿನ ನೀವು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಿರಿ. ಸಂಜೆ ಐದಕ್ಕೆ ಮುಕ್ತಾಯ. ಮ್ಯಾನೇಜರ್ ತಾನೇ ತುಂಬಿತು, ನಾನು ಒತ್ತಿದೆ: ತಪ್ಪು. ಮತ್ತೆ ಒತ್ತಿದೆ: ತಪ್ಪು. ಇನ್ನೊಂದೇ ಅವಕಾಶ, ತಪ್ಪಿದರೆ ನಾಳೆಯವರೆಗೆ ಖಾತೆ ಬಂದ್ ಎಂದು ಕೆಂಪಕ್ಷರದಲ್ಲಿ ಬಂತು. ಆಗ ನೆನಪಾಯಿತು. ನಾನು ಬದಲಿಸಿದ್ದೆ; ಇದು ಹಳೆಯದನ್ನೇ ಹಿಡಿದುಕೊಂಡು ಕೂತಿದೆ. ಮುಖ್ಯೋಪಾಧ್ಯಾಯರು ಹಿಂದೆ ನಿಂತಿದ್ದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಬಂದ ಮಾತು ಇದು:

"ಅಕ್ಕಾರ, ನೀವ ಬದಲಿ ಮಾಡಿರ್ಬೇಕ್ರಿ. ಇದು ಎಂದೂ ತಪ್ಪೂದಿಲ್ಲ."

ನೀವು ಗಾಬರಿಯಾದಿರಿ. ನನ್ನನ್ನು ಅನುಮಾನಿಸುವುದು ನಿಮಗೆ ಹೊಳೆಯಲೇ ಇಲ್ಲ.

"ಹೌದೇನವಾ... ಮೊನ್ನೆ ಮೊಬೈಲ್‌ನ್ಯಾಗ ಏನೋ ಒತ್ತಿದ್ದೆ. ಬದಲಿ ಮಾಡಿದ್ರ ಭೂಮಿಕಾನ ಹೆಸರ ಇಟ್ಟಿರ್ತೇನಿ. ಅದನ್ನ ಹಾಕಿ ನೋಡು ತಂಗಿ."

ಅದು ಅಲ್ಲವೆಂದು ನನಗೆ ಖಚಿತವಾಗಿ ಗೊತ್ತಿತ್ತು. ತಡೆಯಬಹುದಿತ್ತು. ಒಂದು ನಿಮಿಷ ತಾಳ್ರಿ ಎಂದಿದ್ದರೂ ಸಾಕಿತ್ತು... ನಿಮ್ಮ ಮಗಳ ಹೆಸರನ್ನು ಒಂದೊಂದೇ ಅಕ್ಷರವಾಗಿ ಟೈಪ್ ಮಾಡಿ, ಕೊನೆಯ ಅವಕಾಶವನ್ನು ಒತ್ತಿಬಿಟ್ಟೆ. ಖಾತೆ ಬಂದಾಯಿತು. ವರ್ಗಾವಣೆಯ ಸರದಿ ಹೋಯಿತು; ಆಮೇಲಿನ ಪಟ್ಟಿಗಳಲ್ಲಿ ನಿಮ್ಮ ಹೆಸರು ಬರಲೇ ಇಲ್ಲ.

ಮರುದಿನ ಒಬ್ಬಳೇ ಕೂತು ಹುಡುಕಿದೆ. ಮ್ಯಾನೇಜರ್ ತಾನು ಸೃಷ್ಟಿಸಿದ ಪಾಸ್‌ವರ್ಡುಗಳದ್ದೊಂದು ಪಟ್ಟಿ ಇಟ್ಟಿರುತ್ತದೆ. ನಾನು ಒಪ್ಪಿದ್ದ ಆ ಅಕ್ಷರಗಳು ದಿನ, ವೇಳೆ ಸಮೇತ ಅಲ್ಲೇ ಇದ್ದವು. ಹಿಂದಿನ ದಿನ ನಿಜ ಹೇಳಿ ಹುಡುಕಿದ್ದರೆ ಐದು ನಿಮಿಷದ ಕೆಲಸ. ಆ ಪಟ್ಟಿಯನ್ನು ಅಳಿಸಿಹಾಕಿದೆ. ಹೌದು, ಅದನ್ನೂ ಮಾಡಿದೆ.

ಮುಂದಿನ ಸೋಮವಾರ ನೀವು ಅಮೀನಗಡದ ಕರದಂಟಿನ ಪೊಟ್ಟಣ ನನ್ನ ಕೈಯಲ್ಲಿಟ್ಟು, ನನ್ನಿಂದ ನಿನಗೂ ತ್ರಾಸಾಯಿತು ಎಂದಿರಿ. ತಿಂದೆ. ನಿಮ್ಮೆದುರಿಗೇ ತಿಂದೆ.

ಆಮೇಲೆ ನೀವು ಯಂತ್ರ ಮುಟ್ಟುವುದನ್ನೇ ಬಿಟ್ಟಿರಿ. ಮಗಳಿಗೆ ವಿಡಿಯೋ ಕರೆ ಮಾಡಲೂ ಫೋನು ನನ್ನ ಕೈಗೆ ಕೊಡುತ್ತೀರಿ. "ನೀನ ಹಚ್ಚಿ ಕೊಡು ತಂಗಿ, ನಾ ಮುಟ್ಟಿದ್ರ ಕೆಡತೈತಿ" ಅನ್ನುತ್ತೀರಿ. ನಾನಿಲ್ಲದ ದಿನ ಕರೆಯೇ ಇಲ್ಲ. ಮಾತೆಲ್ಲ ಕೈಯಲ್ಲೇ ಇರುವ ಕೂಸು, ಕಾಣದಿದ್ದರೆ ನಿಮ್ಮೊಂದಿಗೆ ಹೇಗೆ ಮಾತಾಡಬೇಕು? ಈಗವಳ ಕೈ ಎಷ್ಟು ಜೋರಾಗಿ ಓಡುತ್ತದೆಂದರೆ, ನೀವು ಸುಮ್ಮನೆ ನಗುತ್ತ ತಲೆಯಾಡಿಸುತ್ತೀರಿ; ನಿಮ್ಮ ತಂಗಿ ಬಾಯಲ್ಲಿ ಹೇಳಿದ ಮೇಲೆಯೇ ನಿಮಗೆ ತಿಳಿಯುವುದು.

ಹೋದ ವಾರ ನಾನೇ ಫೋನು ಹಿಡಿದಿದ್ದೆ. ಭೂಮಿಕಾ ಏನನ್ನೋ ಕೇಳಿದಳು. ಅವ್ವ ನನ್ನ ಹತ್ತಿರ ಯಾಕೆ ಬರಲಿಲ್ಲ, ಪಾಸ್‌ವರ್ಡ್ ತಪ್ಪಿದ್ದಕ್ಕಾ ಎಂದು ಕೇಳುತ್ತಿದ್ದಾಳೆ ಅಂದರು ನಿಮ್ಮ ತಂಗಿ. ನಿಮಗೆ ಸನ್ನೆ ಬಾರದು. ನೀವು ದೇವರ ಮುಂದೆ ನಿಂತವರ ಹಾಗೆ ಎರಡೂ ಗಲ್ಲ ಬಡಿದುಕೊಂಡಿರಿ — ಮಗಳ ಮುಂದೆ, ನನ್ನ ತಪ್ಪಿಗೆ. ನಾನು ಮುಖ ಆಚೆ ತಿರುಗಿಸಿದೆ, ಫೋನೂ ಓರೆಯಾಯಿತು. ಸರಿಯಾಗಿ ಹಿಡಿ ತಂಗಿ, ಕೂಸು ಕಾಣವಲ್ಲದು ಎಂದಿರಿ.

ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಕ್ಷಮಿಸಿಬಿಡುತ್ತೀರಿ, ನನಗೆ ಗೊತ್ತು. ಇದನ್ನೇ ಮುಖ್ಯೋಪಾಧ್ಯಾಯರಿಗೂ ಬರೆದುಕೊಟ್ಟಿದ್ದೇನೆ. ಈ ಶನಿವಾರ ನಿಮ್ಮ ಬಸ್ಸಿಗೇ ನಾನೂ ಬರುತ್ತೇನೆ, ನೀವು ಬೇಡವೆಂದರೆ ಅದರ ನಂತರದ ಬಸ್ಸಿಗೆ. ವಾರವಿಡೀ ಕನ್ನಡಿಯ ಮುಂದೆ ನಿಂತು ಒಂದೇ ಮಾತನ್ನು ಕೈಯಲ್ಲಿ ಕಲಿಯುತ್ತಿದ್ದೇನೆ: ತಪ್ಪು ಅವ್ವನದಲ್ಲ, ನನ್ನದು. ಬೆರಳುಗಳು ಇನ್ನೂ ತಡವರಿಸುತ್ತವೆ. 'ನನ್ನದು' ಎನ್ನುವಾಗ ಅಂಗೈಯನ್ನು ಎದೆಯ ಮೇಲಿಡಬೇಕು. ಅದೊಂದನ್ನು ಮಾತ್ರ ಭೂಮಿಕಾಳ ಮುಂದೆ ತಪ್ಪದೆ ಮಾಡುತ್ತೇನೆ.