ನೇರಳೆ ದಾರದ ಪುಟ

ಟೇಲರಮ್ಮನ ಬಾಯಿಗೆ ಬೀಗವಿಲ್ಲವೆಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಯಾರ ಮಗ ಫೇಲಾದ, ಯಾರ ಮನೆಯ ನಲ್ಲಿ ಸೋರುತ್ತದೆ, ಎಲ್ಲವೂ ಅವಳ ನಾಲಿಗೆಯ ಮೇಲೆ. ಆದರೆ ಮೂವತ್ತು ವರ್ಷದಲ್ಲಿ ಒಬ್ಬರ ಮೈಯಳತೆಯೂ ಆ ಬಾಯಿಂದ ಜಾರಿರಲಿಲ್ಲ. ಅಳತೆ ಪುಸ್ತಕದಲ್ಲಿ ಹೆಸರು ಕೂಡ ಬರೆಯುತ್ತಿರಲಿಲ್ಲ; ಪುಟದ ಮೂಲೆಗೆ ಒಂದು ಬಣ್ಣದ ದಾರ ಹೊಲಿಯುತ್ತಿದ್ದಳು. ಯಾವ ದಾರ ಯಾರದೆಂದು ಅವಳಿಗಷ್ಟೇ ಗೊತ್ತು.

ಒಂದು ಬೆಳಿಗ್ಗೆ ನೇರಳೆ ದಾರದ ಟೀಚರು ಬಂದು ನಿಂತರು. ಆಪರೇಷನ್ನಿನಲ್ಲಿ ಒಂದು ಸ್ತನ ಕಳೆದುಕೊಂಡಿದ್ದ ಅವರಿಗೆ ಒಳಗೆ ಮೆತ್ತೆಯಿಟ್ಟು ಅಂಗಿ ಹೊಲಿದುಕೊಟ್ಟವಳು ಇವಳೇ.

"ಯಾರಿಗಾದ್ರೂ ಹೇಳಿದ್ರಾ?" ಟೀಚರು ಕೂರದೆಯೇ ಕೇಳಿದರು. "ನಿಮ್ಮ ವೆಬ್‌ಸೈಟಲ್ಲಿ ಮೆತ್ತೆ ಅಂಗಿ ನೋಡಿದ್ದೆ, ಅಷ್ಟೇ. ನಿನ್ನೆ ಕ್ಲಾಸಲ್ಲಿ ಲ್ಯಾಪ್‌ಟಾಪಿಂದ ಪ್ರೊಜೆಕ್ಟರಲ್ಲಿ ಗೋಡೆ ಮೇಲೆ ಪಾಠ ತೋರಿಸಿದ್ರೆ ಪಾಠದ ಪಕ್ಕದಲ್ಲೇ ‘ಸ್ತನ ತೆಗೆಸಿದವರಿಗೆ ಮೆತ್ತೆ’ ಅಂತ ಜಾಹೀರಾತು. ನಲವತ್ತು ಮಕ್ಕಳ ಮುಂದೆ!"

"ಯಾರಿಗೂ ಹೇಳಿಲ್ಲ, ನನ್ನಾಣೆ," ಅಂದಳು ಟೇಲರಮ್ಮ. ಅವಳು ಗಳಿಸಿದ್ದು ಆ ನಂಬಿಕೆಯೊಂದೇ. ಟೀಚರು ಹೋದದ್ದೇ ತಡ, ವೆಬ್‌ಸೈಟ್ ಮಾಡಿಕೊಟ್ಟಿದ್ದ ಅಕ್ಕನ ಮಗಳನ್ನು ಕರೆಸಿದಳು.

"ಕುಕೀ, ಚಿಕ್ಕಮ್ಮ. ಪೇಜ್ ನೋಡಿದವರ ಬ್ರೌಸರಲ್ಲಿ ಸಣ್ಣ ಗುರುತು ಇಡುತ್ತೆ. ನಮ್ಮದು ಅವರು ಆರಿಸಿಟ್ಟ ಬಟ್ಟೆ ನೆನಪಿಟ್ಟುಕೊಳ್ಳುತ್ತೆ, ಅಷ್ಟೇ. ಜಾಹೀರಾತು ಕಂಪನಿಯವರದ್ದನ್ನೂ ಹಾಕಿದ್ವಲ್ಲ, ಅದೇ ತಂಟೆ. ‘ಗಿರಾಕಿ ಬರೋದಾದ್ರೆ ಹಾಕು’ ಅಂದವಳು ನೀನೇ."

"ನನ್ನ ದಾರದ ಹಾಗೇನೇ?"

"ನಿನ್ನ ದಾರ ಪುಸ್ತಕದಲ್ಲೇ ಇರುತ್ತೆ. ಇದು ಅವರ ಬೆನ್ನಿಗೇ ಹೊಲಿದ ಹಾಗೆ, ಹೋದಲ್ಲೆಲ್ಲ ಗುರುತು ಹಿಡಿಯುತ್ತೆ. ಅವರೂ ಒಪ್ಪಿಗೆ ಗುಂಡಿ ಒತ್ತಿರ್ತಾರೆ."

"ಅವಸರದಲ್ಲಿ ಒತ್ತಿದ್ದು ಒಪ್ಪಿಗೇನಾ? ಕಿತ್ತು ಹಾಕು!"

ಸಂಜೆಗೆ ಜಾಹೀರಾತು ಕಂಪನಿಯವನ ಫೋನು ಬಂತು. "ನಮ್ಮ ಕುಕೀ ತೆಗೆದ್ರೆ ಹೊಸ ಗಿರಾಕಿಗಳಿಗೆ ನೀವು ಕಾಣೋದೇ ಇಲ್ಲ, ಮೇಡಂ."

"ಕಾಣದಿದ್ರೆ ಬೇಡ. ಹರಿದ ಬಟ್ಟೆಗೆ ತೇಪೆ ಹಾಕಿಯಾದ್ರೂ ಬದುಕ್ತೀನಿ. ನನ್ನನ್ನ ನಂಬಿ ಬಂದವರ ಮೈ ನಿಮ್ಮ ಸಂತೆಯ ಸರಕಲ್ಲ!"

ಮರುದಿನ ನೇರಳೆ ದಾರದ ಪುಟ ಹರಿದುಕೊಂಡು, ಹುಡುಗಿಯನ್ನೂ ಕರೆದುಕೊಂಡು ಟೀಚರ ಮನೆಗೆ ಹೋದಳು. "ನಾನು ಬಾಯಿ ಬಿಡ್ಲಿಲ್ಲ, ನನ್ನ ಅಂಗಡಿ ಬಿಡ್ತು. ತಪ್ಪು ನಂದೇ. ನಿಮ್ಮ ಬ್ರೌಸರಲ್ಲಿರೋದನ್ನ ಇವಳು ಅಳಿಸ್ತಾಳೆ. ಈ ಪುಟ ಇನ್ನು ನಿಮ್ಮ ಹತ್ರಾನೇ ಇರ್ಲಿ."

ಟೀಚರು ಪುಟ ಇಸಿದುಕೊಂಡು, ಲ್ಯಾಪ್‌ಟಾಪ್ ತಂದು ಹುಡುಗಿಯ ಮುಂದಿಟ್ಟರು.

ಹದಿನೈದು ದಿನ ಹೊಸ ಗಿರಾಕಿ ಒಬ್ಬರೂ ಇಲ್ಲ. ಹದಿನಾರನೆಯ ದಿನ ಟೀಚರು ಬಂದು ಅದೇ ಪುಟವನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ಇನ್ನೊಂದು ಅಂಗಿ ಹೊಲೀರಿ. ಈ ಸಲ ಮೆತ್ತೆ ಬೇಡ. ನೋಡೋರು ನೋಡ್ಲಿ."

ಟೇಲರಮ್ಮ ಟೇಪು ತೆಗೆದುಕೊಂಡಳು. ಆ ಒಂದು ಬದಿಯ ಅಳತೆ ಹೊಸದಾಗಿ ಬರೆಯಬೇಕಿತ್ತು.