ದೊಡ್ಡಮ್ಮನ ಎಡಗಣ್ಣು

ನಮ್ಮ ದೊಡ್ಡಪ್ಪ ಕಣ್ಣು ಬರೆಯುವವರು. ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಅವರ ಮೇಜು. ಉಗುರಿನಷ್ಟು ಜಾಗದಲ್ಲಿ ಪಾಪೆ, ಅದರ ಸುತ್ತಲಿನ ಬಣ್ಣ ಎಲ್ಲ ಬರೆದು, ಬಿಳಿಯ ಮೇಲೆ ಕೆಂಪು ರೇಷ್ಮೆ ಎಳೆಗಳನ್ನು ರಕ್ತನಾಳಗಳ ಹಾಗೆ ಅಂಟಿಸುವುದು ಅವರ ಕಸುಬು. ಬಂದವರು ಯಾರೇ ಆಗಲಿ, ಕಿಟಕಿಯ ಬೆಳಕಿಗೆ ಕೂರಿಸಿ ಉಳಿದ ಕಣ್ಣನ್ನು ನೋಡದೆ ಕುಂಚ ಮುಟ್ಟುತ್ತಿರಲಿಲ್ಲ. ಕಪ್ಪು ಕಣ್ಣು ಎಂಬುದೇ ಲೋಕದಲ್ಲಿಲ್ಲ ಎಂಬುದು ಅವರ ವಾದ. ನನ್ನ ಕಣ್ಣಲ್ಲಿ ಜೇನಿನ ಬಣ್ಣ, ಪಾಚಿಯ ಬಣ್ಣ, ಜೊತೆಗೊಂದು ಬೂದಿ ಚುಕ್ಕೆ ಇವೆ ಎಂದು ಕಂಡುಹಿಡಿದವರು ಅವರೇ. ಅಲ್ಲಿಯವರೆಗೆ ನಾನು ಕನ್ನಡಿಯಲ್ಲಿ ಮೊಡವೆ ಬಿಟ್ಟು ಬೇರೇನೂ ನೋಡಿರಲಿಲ್ಲ.

ಊರವರ ಕಣ್ಣೆಲ್ಲ ನೋಡಿದ ಈ ಮಹಾನುಭಾವರು ಮನೆಯಲ್ಲಿ ಮಾತ್ರ ತಲೆ ಎತ್ತುತ್ತಿರಲಿಲ್ಲ. ತಟ್ಟೆ ನೋಡಿಕೊಂಡು ಊಟ, ಪೇಪರ್ ನೋಡಿಕೊಂಡು ಮಾತು. ಶಿಶುವಿಹಾರದ ಟೀಚರ್ ಆಗಿದ್ದ ದೊಡ್ಡಮ್ಮ ದಿನವಿಡೀ ಮಕ್ಕಳ ಗಲಾಟೆಯಲ್ಲಿದ್ದು ಬಂದು, ಸಂಜೆಯಾದರೆ ಈ ಮೌನಕ್ಕೆ ಒಗ್ಗಿಕೊಳ್ಳುತ್ತಿದ್ದಳು.

ಅವಳ ಎಡಗಣ್ಣಿನೊಳಗೆ ಗಡ್ಡೆ ಬೆಳೆದು ಕಣ್ಣನ್ನೇ ತೆಗೆಯಬೇಕಾಯಿತು. ಗಾಯ ಮಾಗಿದ ಮೇಲೆ ಶಾಲೆಗೆ ಹೋದಳು. ಸದಾ ಅವಳ ಬೆರಳು ಹಿಡಿದೇ ಓಡಾಡುತ್ತಿದ್ದ ಮಗುವೊಂದು ಕಣ್ಣಿನ ಪಟ್ಟಿ ಕಂಡು ಬಾಗಿಲ ಹಿಂದೆ ಅವಿತುಕೊಂಡಿತಂತೆ. ಮನೆಗೆ ಬಂದವಳು ಮತ್ತೆ ಹೊಸ್ತಿಲು ದಾಟಲಿಲ್ಲ. ಮಕ್ಕಳು ಹೆದರದ ಹಾಗೆ ಒಂದು ಕಣ್ಣು ಮಾಡಿಕೊಡಿ ಎಂದು ಗಂಡನನ್ನು ಕೇಳಿದಳು. ಆದರೆ ಪಟ್ಟಿ ಬಿಚ್ಚಿ ಅವರೆದುರು ಕೂರಲು ಒಪ್ಪಲಿಲ್ಲ. ಅಳತೆಯನ್ನೂ ಮನೆಗೇ ಕರೆಸಿದ ನರ್ಸ್ ಕೈಯಲ್ಲೇ ತೆಗೆಸಿಕೊಂಡಳು. ದೊಡ್ಡಪ್ಪನೂ ಒತ್ತಾಯ ಮಾಡಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವನು ಹೆಂಡತಿಯ ಕಣ್ಣನ್ನು ನೋಡಿ ಬರೆಯಬೇಕೇ ಎಂದು ನೆನಪಿನಿಂದಲೇ ಬರೆದರು.

ಅದನ್ನು ಹಾಕಿಕೊಂಡು ದೊಡ್ಡಮ್ಮ ಕನ್ನಡಿ ನೋಡಿದಾಗ ನಾನೂ ಅಲ್ಲೇ ಇದ್ದೆ. ಎಡಗಣ್ಣು ಹುಡುಗಿಯದು, ಹೊಳೆಯುವ ಗಾಢ ಕಂದು. ಬಲಗಣ್ಣಿನ ಬಣ್ಣ ಮಾಸಿ, ಅಂಚಿಗೆ ವಯಸ್ಸಾದವರ ಬೂದು ಉಂಗುರ ಕಟ್ಟಿತ್ತು.

"ಚೆನ್ನಾಗಿದೆ," ಎಂದಳು. "ಮದುವೆಯಾಗಿ ಬಂದಾಗ ಹೀಗೇ ಇತ್ತು. ಆಮೇಲೆ ನೀವು ನೋಡಿಲ್ಲ, ಅಷ್ಟೇ."

ದೊಡ್ಡಪ್ಪನ ಮುಖ ಪೆಚ್ಚಾಯಿತು. ಮಕ್ಕಳು ಮೊದಲು ನೋಡುವುದೇ ಕಣ್ಣನ್ನು ಎಂದು ಹೇಳಿ ಅವಳು ಅದನ್ನು ತೆಗೆದಿಟ್ಟಳು.

ಮಾರನೆಯ ದಿನ ಅವರು ಬಣ್ಣದ ಪೆಟ್ಟಿಗೆಯನ್ನು ಮನೆಗೇ ತಂದರು. ದೊಡ್ಡಮ್ಮ ಸಂಕೋಚ ಬಿಟ್ಟು ಕಿಟಕಿಯ ಬಳಿ ಕೂತಳು. ದಿನಾ ಕೂತಳು. ಆ ಕೋಣೆಯಿಂದ ಮಾತು ಕೇಳಿಸತೊಡಗಿತು, ಒಮ್ಮೊಮ್ಮೆ ನಗುವೂ. ಶಾಲೆಗೆ ಯಾವಾಗ ಹೋಗಲಿ ಎಂದು ಅವಳು ಕೇಳಿದಾಗಲೆಲ್ಲ, ಉಂಗುರದ ಬಣ್ಣ ಕೂಡುತ್ತಿಲ್ಲ ಎನ್ನುತ್ತಿದ್ದರು. ಹಸಿ ಸುಳ್ಳು. ಸರಿಯಾಗಿ ಕೂಡಿದ ಬಣ್ಣವನ್ನು ಅವರೇ ಸಂಜೆ ಬಟ್ಟೆಯಿಂದ ಒರೆಸಿಹಾಕುವುದನ್ನು ನಾನು ಕಂಡೆ. ಯಾಕೆ ಎಂದು ಕೇಳಿದೆ.

"ಮುಗಿದ್ರೆ ಎದ್ದು ಹೋಗ್ತಾಳಲ್ಲಮ್ಮ," ಎಂದರು.

ಈ ವಯಸ್ಸಿನಲ್ಲಿ ಹೆಂಡತಿಯ ಹುಚ್ಚು ಹಿಡಿಯಿತಲ್ಲ ಎಂದು ಛೇಡಿಸಿದೆ. ಅವರು ನಾಚಿಕೊಂಡರು.

ಅಷ್ಟರಲ್ಲಿ ಗಡ್ಡೆಯ ವಿಷ ಲಿವರಿಗೆ ಇಳಿದಿತ್ತು. ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಆ ವರ್ಷದ ಮಕ್ಕಳು ದೊಡ್ಡ ಶಾಲೆಗೆ ಸೇರುವ ಮೊದಲೇ ದೊಡ್ಡಮ್ಮ ಹೋಗಿಬಿಟ್ಟಳು.

ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ಉಂಗುರವಿಲ್ಲದ ಆ ಅರೆಬರೆ ಕಣ್ಣನ್ನು ಅಂಗೈಯಲ್ಲಿಟ್ಟುಕೊಂಡು ದೊಡ್ಡಪ್ಪ ಗೋಡೆಗೆ ಒರಗಿ ನಿಂತಿದ್ದರು. ಮುಚ್ಚಿದ ರೆಪ್ಪೆಯೊಳಗೆ ಹೇಗಿದ್ದರೇನು, ಹಾಕಿಬಿಡಣ್ಣ ಎಂದು ನಮ್ಮಪ್ಪ ಸಮಾಧಾನ ಹೇಳಿದರು.

"ಮಕ್ಕಳ ಹತ್ರ ಹೋಗ್ಬೇಕು ಅಂತ ಕಣ್ಣು ಕೇಳಿದ್ಲು ಕಣೋ," ಎಂದರು ದೊಡ್ಡಪ್ಪ. "ನಾನು ಅವಳನ್ನ ನನ್ನೆದುರು ಕೂರಿಸ್ಕೊಂಡುಬಿಟ್ಟೆ."