ಗಡ್ಡದ ಸಾಬೂನು ಮತ್ತು ಸುಬ್ರಾಯನ ದಮ್ಮು

ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತ ಮನುಷ್ಯ ಯಾರೊಂದಿಗೂ ವಾದ ಮಾಡಲಾರ ಎಂಬುದನ್ನು ನೀವೂ ಗಮನಿಸಿರಬಹುದು. ಬಾಯಿ ತೆರೆದರೆ ನೊರೆ ಒಳಗೆ ಹೋಗುತ್ತದೆ. ತಲೆ ಅಲ್ಲಾಡಿಸಿದರೆ ಕತ್ತಿ ಒಳಗೆ ಹೋಗುತ್ತದೆ. ಹೀಗಾಗಿ ಕ್ಷೌರದಂಗಡಿಯಲ್ಲಿ ಮನುಷ್ಯಕುಲ ತಾನಾಗಿಯೇ ಎರಡು ಪಾಲಾಗುತ್ತದೆ: ಕುರ್ಚಿಯ ಮೇಲೆ ಕೂತು ಕೇಳುವವರು ಮತ್ತು ಬೆಂಚಿನ ಮೇಲೆ ಕೂತು ಹೇಳುವವರು. ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದಿರುವ ಗಜಾನನನ ಅಂಗಡಿಯ ಬೆಂಚಿನ ಮೇಲೆ ಕೂರುವವರಲ್ಲಿ ಹೆಚ್ಚಿನವರು ಕ್ಷೌರಕ್ಕೆಂದು ಬಂದವರಲ್ಲ. ಅವರ ಗಡ್ಡ ಮನೆಯಲ್ಲೇ ಆಗಿರುತ್ತದೆ. ಅವರು ಬರುವುದು ಬೇರೆಯವರ ಗಡ್ಡದ ಹೊತ್ತಿನಲ್ಲಿ ಮಾತನಾಡಲು.

ನಾನು ಕುರ್ಚಿಯ ಕಡೆಯವನು. ಧಾರವಾಡದಲ್ಲಿ ಇತಿಹಾಸ ಓದಿ ಬಂದವನು. ಆಕರವಿಲ್ಲದೆ ಯಾರ ಮಾತನ್ನೂ ನಂಬಬಾರದೆಂದು ಅಲ್ಲಿ ಗುರುಗಳು ಕಲಿಸಿದರು. ಊರಿಗೆ ಬಂದು ಕಾಲೇಜಿನಲ್ಲಿ ಅದನ್ನೇ ನಾನು ಮಕ್ಕಳಿಗೆ ಕಲಿಸಿದೆ. ಪರಿಣಾಮವಾಗಿ ಅವರು ನನ್ನ ಮಾತನ್ನು ನಂಬುವುದನ್ನು ಬಿಟ್ಟರು. ಒಂದು ಕೆಲಸ ಮಾತ್ರ ಚೆನ್ನಾಗಿ ಮಾಡಿದೆ ಎಂದುಕೊಳ್ಳುತ್ತೇನೆ.

ಎರಡು ಸಾವಿರದ ಆಸುಪಾಸಿನ ಆ ವರ್ಷಗಳಲ್ಲಿ ಬೆಂಚಿನವರಿಗೆ ಇದ್ದದ್ದು ಒಂದೇ ವಿಷಯ, ಸುಬ್ರಾಯನ ಕಾಲು. ಸುಬ್ರಾಯ ನಮ್ಮೂರ ಕಬಡ್ಡಿ ತಂಡದ ದಾಳಿಗಾರ. ಹೊಟ್ಟೆಪಾಡಿಗೆ ಟೆಂಪೋ ಓಡಿಸುತ್ತಿದ್ದ, ಕೀರ್ತಿಗೆ ಎದುರಾಳಿಯ ಅಂಗಳದಲ್ಲಿ ಓಡುತ್ತಿದ್ದ. ಅದಕ್ಕೂ ಹತ್ತು ವರ್ಷ ಹಿಂದೆ ಕುಮಟೆಯಲ್ಲಿ ಒಂದೇ ದಮ್ಮಿನಲ್ಲಿ ಐದು ಜನರನ್ನು ಮುಟ್ಟಿ, ಆರನೆಯವನು ಕಾಲು ಹಿಡಿದಿದ್ದರೂ ಅವನನ್ನು ಹಲಸಿನಕಾಯಿಯಂತೆ ಎಳೆದುಕೊಂಡು ನಡುಗೆರೆ ದಾಟಿದ್ದನೆಂಬುದು ನಮ್ಮೂರಿನ ಸ್ಥಳಪುರಾಣ. ಈಗ ಅವನಿಗೆ ನಲವತ್ತು ಸಮೀಪಿಸಿತ್ತು. ಭಟ್ಕಳದ ಹುಡುಗರ ತಂಡವೊಂದು, ದುಬೈಯಲ್ಲಿರುವ ಅಣ್ಣಂದಿರು ಕಳಿಸಿದ ಮಿರಿಮಿರಿ ಬನಿಯನ್ನು ತೊಟ್ಟುಕೊಂಡು, ಎರಡು ವರ್ಷ ಒಂದೇ ಸಮ ನಮ್ಮನ್ನು ಸೋಲಿಸಿತ್ತು.

ಈ ಸೋಲಿಗೆ ಕಾರಣವೇನೆಂಬ ಬಗ್ಗೆ ಬೆಂಚಿನ ಮೇಲೆ ಎರಡು ದರ್ಶನಗಳಿದ್ದವು. ವಿಮೆ ಏಜೆಂಟ ರಾಮದಾಸನದು ವಯೋವಾದ. ಅವನ ಪ್ರಕಾರ ಸುಬ್ರಾಯನ ಮೊಣಗಂಟು ಮುಗಿದಿತ್ತು. ಮನುಷ್ಯರ ಆಯುಷ್ಯದ ಬಗ್ಗೆ ಮಾತನಾಡುವುದೇ ಅವನ ಉದ್ಯೋಗವಾದ್ದರಿಂದ ಈ ವಾದಕ್ಕೆ ಒಂದು ಶಾಸ್ತ್ರೀಯ ಕಳೆಯಿತ್ತು. ಮೀನಿನ ವ್ಯಾಪಾರದ ಮಂಜುವಿನದು ಕೋಚುವಾದ. ಸುಬ್ರಾಯನಿಗೆ ಏನೂ ಆಗಿಲ್ಲ, ಆಗಿರುವುದೆಲ್ಲ ತರಬೇತಿ ಕೊಡುವ ಪುಂಡಲೀಕ ಮಾಸ್ತರರಿಗೆ.

ಪುಂಡಲೀಕ ಮಾಸ್ತರರು ನಿವೃತ್ತ ದೈಹಿಕ ಶಿಕ್ಷಕರು. ಕೊರಳಲ್ಲಿ ಸೀಟಿ ಹಾಕಿಕೊಂಡೇ ನಿವೃತ್ತರಾದರು. ಪೇಟೆಗೆ ತರಕಾರಿಗೆ ಬಂದಾಗಲೂ ಅದು ಇರುತ್ತಿತ್ತು. ಅವರು ಸುಬ್ರಾಯನನ್ನು ಮೊದಲು ಕಳಿಸಿದರೆ "ಕಡೀಗೆ ಇಟ್ಕಣೂಕೆ ಆಗ್ತಿರ್ಲಿಲ್ವಾ?" ಎಂದು ಮಂಜು ಕೇಳುತ್ತಿದ್ದ. ಕಡೆಗೆ ಇಟ್ಟುಕೊಂಡರೆ "ಮೊದ್ಲೇ ಕಳಿಸೂಕೆ ಎಂತ ಧಾಡಿ?" ಎನ್ನುತ್ತಿದ್ದ. ಇವನು ಜೀವನದಲ್ಲಿ ಒಮ್ಮೆಯೂ ಕಬಡ್ಡಿ ಆಡಿದವನಲ್ಲ. ರಾಮದಾಸನಂತೂ ಬಸ್ಸು ಹೊರಟರೂ ಓಡುವವನಲ್ಲ, ಮುಂದಿನದಕ್ಕೆ ಕಾಯುವವನು. ಆದರೆ ಕ್ರೀಡಾಜ್ಞಾನವೆಂಬುದು ನಮ್ಮ ಕಡೆ ಬೆಂಚಿನ ಮರದಿಂದ ನೇರವಾಗಿ ಬೆನ್ನುಹುರಿಗೆ ಏರುವಂಥದ್ದು, ಮೈ ಬೆವರಬೇಕಾಗಿಲ್ಲ.

ಇಬ್ಬರೂ ಒಪ್ಪುತ್ತಿದ್ದ ಸಂಗತಿಯೆಂದರೆ ಆ ಕುಮಟೆಯ ದಾಳಿ. ಅದನ್ನು ಕಣ್ಣಾರೆ ಕಂಡವರು ಹೊನ್ನಾವರದಲ್ಲಿ ಎಷ್ಟು ಜನರಿದ್ದರೆಂದರೆ, ಅಷ್ಟೂ ಜನ ಆ ದಿನ ಕುಮಟೆಗೆ ಹೋಗಿದ್ದರೆ ಶರಾವತಿಯ ಸೇತುವೆಯಿಂದ ಬಂದರಿನವರೆಗೆ ನಮ್ಮೂರು ಬಿಕೋ ಎನ್ನಬೇಕಿತ್ತು. ನಗಬೇಡಿ, ನಾನೂ ಕಂಡವನೇ. ಊರಿಗೆ ಬಂದ ಹೊಸತರಲ್ಲಿ ಇದೇ ಅಂಗಡಿಯಲ್ಲಿ, ಸುಬ್ರಾಯನ ಎದುರಿಗೇ, ಪೂರ್ತಿ ನಂಬಿಕೆಯಿಂದ ಅದನ್ನು ವರ್ಣಿಸಿದ್ದೆ: ನಾನು ಹಿಂದಿನ ಸಾಲಿನಲ್ಲಿ ಕೊಡೆ ಹಿಡಿದು ನಿಂತಿದ್ದು, ಎದುರಿನವನ ಭುಜದ ಮೇಲಿಂದ ಇಣುಕಿದ್ದು, ಸುಬ್ರಾಯನ ಮೀಸೆಯಿಂದ ಬೆವರು ತೊಟ್ಟಿಕ್ಕಿದ್ದು. ಆಮೇಲೊಂದು ದಿನ ಮಕ್ಕಳಿಗೆ ಆಕರಗಳ ಪಾಠ ಮಾಡುತ್ತಿದ್ದಾಗ ಆ ಕೊಡೆ ನನ್ನ ತಲೆಯೊಳಗೆ ಫಟ್ಟನೆ ಬಿಚ್ಚಿಕೊಂಡಿತು. ಕಬಡ್ಡಿ ಪಂದ್ಯ ನಡೆಯುವುದು ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ. ಆ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಕೊಡೆ ಅಟ್ಟದ ಮೇಲಿರುತ್ತದೆ. ಮತ್ತೂ ಯೋಚಿಸಿದರೆ, ಆ ತಿಂಗಳು ನಾನು ಪರೀಕ್ಷೆಯೆಂದು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದೆ. ಹಾಗಾದರೆ ಆ ಬೆವರಿನ ಹನಿ? ಅದು ಈಗಲೂ ಕಾಣುತ್ತದೆ. ಯಾರದೋ ಬಾಯಿಂದ ಬಿದ್ದದ್ದನ್ನು ನಾನು ಎತ್ತಿಕೊಂಡು, ನನ್ನದೊಂದು ಕೊಡೆ ಸೇರಿಸಿ ಒಳಗಿಟ್ಟುಕೊಂಡಿದ್ದಿರಬೇಕು. ಈ ಸಂಶೋಧನೆಯನ್ನು ನಾನು ಎಲ್ಲೂ ಪ್ರಕಟಿಸಲಿಲ್ಲ. ಉಳಿದವರ ಸ್ಮರಣಶಕ್ತಿಯನ್ನು ಮಾತ್ರ ಅಂದಿನಿಂದ ತಿರಸ್ಕಾರದಿಂದ ಕಾಣತೊಡಗಿದೆ.

ಆ ವರ್ಷ ಧಾರೇಶ್ವರದಲ್ಲಿ ಪಂದ್ಯಾವಳಿ ಎಂದು ಗೊತ್ತಾದಾಗ ಸುಬ್ರಾಯನೇ ಅಂಗಡಿಗೆ ಬಂದ. ಅವನು ಬಂದರೆ ಬೆಂಚು ಒಮ್ಮೆಲೇ ಭಕ್ತಿಯಿಂದ ಸರಿದು ಜಾಗ ಕೊಡುತ್ತಿತ್ತು. ಅಷ್ಟು ಹೊತ್ತು ಅವನ ಮೊಣಗಂಟನ್ನು ಹೂಳುತ್ತಿದ್ದ ರಾಮದಾಸನೇ "ಬಾ ಸುಬ್ರಾಯಣ್ಣ, ಕೂತ್ಕ" ಎನ್ನುತ್ತಿದ್ದ. ಈ ಸಲ ಸುಬ್ರಾಯ ಕೂರಲಿಲ್ಲ.

"ಇದೊಂದು ಸಲ ಆಡ್ತೆ ಅಂತ ಪುಂಡಲೀಕ ಮಾಸ್ತರ ಹತ್ರ ಕೇಳ್ಕಂಡು ಬಂದೆ. ಈ ಸಲವೂ ಭಟ್ಕಳದವ್ರ ಕೈಲಿ ಸೋತ್ರೆ ಮತ್ತೆ ಅಂಗಳ ಹತ್ತೂದಿಲ್ಲ. ಗಜು, ಎಲ್ಲಾ ತೆಗೆದುಬಿಡು."

ಗಜಾನನನಿಗೆ ಅರ್ಥವಾಗಲಿಲ್ಲ. "ಎಲ್ಲಾ ಅಂದ್ರೆ ಎಂತ?"

"ತಲೆ. ಮೀಸೆ. ಎಲ್ಲಾ."

ಇದಕ್ಕೊಂದು ಕಾರಣವಿತ್ತು. ನಮ್ಮ ಕಡೆಯ ಪಂದ್ಯಗಳಿಗೆ ತೂಕದ ಮಿತಿ ಇರುತ್ತದೆ. ಇಂತಿಷ್ಟು ಕಿಲೋ ಮೀರಿದವನಿಗೆ ಪ್ರವೇಶವಿಲ್ಲ. ಇಪ್ಪತ್ತರ ಹುಡುಗರು ಹೇಗಿದ್ದಾರೋ ಹಾಗೆ ಹೋಗಿ ತಕ್ಕಡಿ ಹತ್ತುತ್ತಾರೆ. ಸುಬ್ರಾಯ ಮಾತ್ರ ವಾರದಿಂದ ಗಂಜಿತಿಳಿ ಕುಡಿದುಕೊಂಡು, ಮಧ್ಯಾಹ್ನದ ಬಿಸಿಲಿಗೆ ರೈನ್‌ಕೋಟು ಹಾಕಿಕೊಂಡು ಸಮುದ್ರದಂಡೆಯಲ್ಲಿ ಓಡುತ್ತಿದ್ದ. ಇನ್ನು ಇಳಿಸಲು ಮೈಮೇಲೆ ಉಳಿದದ್ದು ಕೂದಲು ಮಾತ್ರ. ಕುಮಟೆಯ ಪುರಾಣದಲ್ಲಿ ಬೆವರು ತೊಟ್ಟಿಕ್ಕಿದ್ದ ಆ ಮೀಸೆ ನೆಲಕ್ಕೆ ಬಿದ್ದಾಗ ಬೆಂಚು ಅದನ್ನು ತುಳಿಯದಂತೆ ಕಾಲು ಹಿಂದಕ್ಕೆಳೆದುಕೊಂಡಿತು. ಮೀಸೆಯಿಲ್ಲದ ಅವನ ಮೇಲ್ತುಟಿ ಬಹಳ ಬಿಳಿಯಾಗಿತ್ತು.

ಧಾರೇಶ್ವರದಲ್ಲಿ ಬೆಳಿಗ್ಗೆ ತೂಕ, ಮಧ್ಯಾಹ್ನದ ಮೇಲೆ ಆಟ. ತೂಕಕ್ಕೆ ತದಡಿಯ ಬಂದರಿನಿಂದ ಮೀನು ತೂಗುವ ಕಾಟಾ ತರಿಸಿದ್ದರು. ಸಿಗಡಿಯ ವಾಸನೆಯ ಅದರ ಹಲಗೆಯ ಮೇಲೆ ನಮ್ಮ ವೀರ ಬೋಳುತಲೆಯಲ್ಲಿ, ಉಸಿರು ಬಿಗಿಹಿಡಿದು ನಿಂತ, ಉಸಿರಿಗೂ ತೂಕವಿದೆಯೇನೋ ಎಂಬಂತೆ. ಮುಳ್ಳು ಒಮ್ಮೆ ಆಚೆಗೆ ಹೋಗಿ ಈಚೆಗೆ ಬಂದು ನಿಂತಿತು. "ಆತು!" ಎಂದು ಯಾರೋ ಕೂಗಿದರು. ಹೆರಿಗೆಕೋಣೆಯ ಹೊರಗೆ ಮಾತ್ರ ಕೇಳಬಹುದಾದ ಸಂಭ್ರಮ ಆ ಕೂಗಿನಲ್ಲಿತ್ತು.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಕೈಯಲ್ಲಿ ಕೊಡೆ ಇರಲಿಲ್ಲ.

ತೂಕಕ್ಕಾಗಿ ಉಪವಾಸ ಬಿದ್ದ ಆಟಗಾರನಿಗೆ ತೂಕ ಮುಗಿದೊಡನೆ ಊರಿನವರು ಉಣಿಸುವುದು ನಮ್ಮಲ್ಲಿನ ರೂಢಿ. ರೂಢಿಯ ಹಿಂದೆ ಒಂದು ಪೈಪೋಟಿಯಿದೆ: ತಂಡ ಗೆದ್ದರೆ, ಗೆದ್ದವನು ಯಾರ ಮನೆಯದನ್ನು ತಿಂದು ಆಡಿದನೋ ಆ ಮನೆಯವರು ಮುಂದಿನ ಮಳೆಗಾಲದವರೆಗೆ ತಲೆಯೆತ್ತಿ ತಿರುಗಬಹುದು. ಕುಮಟೆಯ ಆ ಗೆಲುವು ತನ್ನ ಹೆಂಡತಿಯ ಬಂಗಡೆ ಸಾರಿನದೆಂದು ರಾಮದಾಸ ಇವತ್ತಿಗೂ ಹೇಳುತ್ತಾನೆ. ಹಾಗಾಗಿ ಸುಬ್ರಾಯ ಕಾಟಾದಿಂದ ಇಳಿಯುವಷ್ಟರಲ್ಲಿ ಡಬ್ಬಿಗಳು ಸಾಲುಗಟ್ಟಿದ್ದವು. ರಾಮದಾಸನ ಬಂಗಡೆ ಸಾರು, ಮಂಜುವಿನ ಏಡಿ ಸುಕ್ಕೆ, ಹಲಸಿನೆಲೆಯಲ್ಲಿ ಬೇಯಿಸಿದ ಯಾರದೋ ಕೊಟ್ಟೆ ರೊಟ್ಟಿ, ಇನ್ಯಾರದೋ ಬೆಲ್ಲದವಲಕ್ಕಿ. ಪುಂಡಲೀಕ ಮಾಸ್ತರರು ಉಪ್ಪು ನಿಂಬೆಹುಳಿ ಹಾಕಿದ ನೀರಿನ ಬಾಟಲಿ ಹಿಡಿದುಕೊಂಡು ಗುಂಪಿನ ಹೊರಗೆ ಸೀಟಿ ಊದುತ್ತಿದ್ದರು.

"ಇದೊಂದೇ ಸಾಕು, ಆಟ ಮುಗ್ದ ಮೇಲೆ ಬೇಕಾದಷ್ಟು ತಿನ್ಲಿ!"

"ಎಂತ ಮಾಸ್ತರೇ, ವಾರ ಉಪಾಸ ಬಿದ್ದವಂಗೆ ನಿಂಬೆಹಣ್ಣು ತೋರಿಸ್ತ್ರಲ್ಲ, ಮನುಷ್ಯರಾ ನೀವು?" ಎಂದ ಮಂಜು, ಏಡಿಯ ಕೊಂಬು ಮುರಿದು ಕೊಡುತ್ತ.

ಸುಬ್ರಾಯ ಬೇಡವೆನ್ನಲಾರ. ಒಬ್ಬರದು ತಿಂದು ಇನ್ನೊಬ್ಬರದು ಬಿಟ್ಟರೆ ಅದು ಅವನ ಟೆಂಪೋ ಬಾಡಿಗೆಯವರೆಗೂ ಮುಟ್ಟುವ ಅವಮಾನ. ಪ್ರತಿ ಡಬ್ಬಿಯಿಂದಲೂ ಉಂಡ. ಪ್ರತಿ ಡಬ್ಬಿಯೂ "ಇನ್ನೊಂಚೂರು" ಎಂದಿತು. ನಾನೂ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದೆ. ಸರದಿ ಬರುವ ಮೊದಲೇ ಹಸಿವಾಗಿ ನಾನೇ ತಿಂದುಬಿಟ್ಟದ್ದರಿಂದ ಇತಿಹಾಸದ ಮುಂದೆ ನಿರ್ದೋಷಿ.

ಭಟ್ಕಳದವರೊಂದಿಗಿನ ಆಟ ಕೊನೆಯ ಗಳಿಗೆಯವರೆಗೆ ಸಮಸಮ ನಡೆಯಿತು. ಕಡೆಯ ದಾಳಿಗೆ ಮಾಸ್ತರರು ಸುಬ್ರಾಯನನ್ನೇ ಕಳಿಸಿದರು. ಮೊದಲೇ ಕಳಿಸಿದಾಗಲೆಲ್ಲ ಮಂಜು ಬೇಡುತ್ತಿದ್ದಂತೆ ಕಡೆಗೇ ಇಟ್ಟುಕೊಂಡಿದ್ದರು. ಸುಬ್ರಾಯ ನೆಲ ಮುಟ್ಟಿ ಹಣೆಗೊತ್ತಿಕೊಂಡು "ಕಬಡ್ಡಿ ಕಬಡ್ಡಿ" ಎನ್ನುತ್ತ ಹೋದ. ಕಾಲು ನಿಜಕ್ಕೂ ಚೆನ್ನಾಗಿಯೇ ಇತ್ತು. ಬಲಗಡೆ ತೋರಿಸಿ ಎಡಕ್ಕೆ ಹೊರಳಿದ, ಮೂಲೆಯವನ ಭುಜ ಸವರಿದ, ಇನ್ನೊಬ್ಬನನ್ನು ಹಿಮ್ಮಡಿಯಿಂದ ಮುಟ್ಟಿದ. ಕಾಲು ಹಿಡಿಯಲು ಬಿದ್ದ ಹುಡುಗನ ಮೇಲಿಂದ ನೆಗೆದ. ಕುಮಟೆ ಮತ್ತೊಮ್ಮೆ ನಡೆಯುತ್ತಿದೆ, ಈ ಸಲ ನಾನು ನಿಜವಾಗಿ ಇಲ್ಲಿದ್ದೇನೆ ಎಂದುಕೊಂಡೆ. ನಡುಗೆರೆಗೆ ಇನ್ನು ಎರಡು ಹೆಜ್ಜೆ. ಅವನನ್ನು ಯಾರೂ ಹಿಡಿದಿರಲಿಲ್ಲ.

ಆಗ ಅವನು ತೇಗಿದ.

ಅದು ಸಣ್ಣ ತೇಗಲ್ಲ. ಹಲವು ಮನೆಗಳ ಪ್ರೀತಿ ಒಟ್ಟಾಗಿ ಮೇಲೆದ್ದು ಬಂದ ತೇಗು. "ಕಬ" ಎಂಬಲ್ಲಿ ದಮ್ಮು ಕಡಿಯಿತು. ದಮ್ಮು ಕಡಿದರೆ ದಾಳಿಗಾರ ಔಟು, ಮುಟ್ಟಿದ್ದೆಲ್ಲ ಲೆಕ್ಕಕ್ಕಿಲ್ಲ. ಅಂಪೈರು ಸೀಟಿ ಊದಿದ. ಸುಬ್ರಾಯ ಗೆರೆಯ ಮೇಲೆ ನಿಂತು ತನ್ನ ಬೋಳುತಲೆಯನ್ನೊಮ್ಮೆ ಸವರಿಕೊಂಡ, ನೆಲ ಮುಟ್ಟಿ ಮತ್ತೊಮ್ಮೆ ಹಣೆಗೊತ್ತಿಕೊಂಡ, ಹೊರಗೆ ನಡೆದ. ಗೆದ್ದು ಕುಣಿಯಬೇಕಿದ್ದ ಭಟ್ಕಳದ ಹುಡುಗರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವರಲ್ಲೊಬ್ಬ ಹಿಂದೆಯೇ ಓಡಿಬಂದು "ಸುಬ್ರಾಯ್ ಭಾಯ್, ನಮ್ದು ಯಾರ್ದೂ ಕೈ ನಿಮ್ಗೆ ತಾಗ್ಲಿಲ್ಲ" ಎಂದ. ಆ ಸಂಜೆ ಇಡೀ ಮೈದಾನದಲ್ಲಿ ಕೇಳಿಬಂದ ಮರ್ಯಾದೆಯ ಮಾತು ಅದೊಂದೇ, ಅದೂ ಎದುರಾಳಿಯ ಬಾಯಿಂದ.

ಮುಂದಿನ ಭಾನುವಾರ ಬೆಂಚು ತುಂಬಿ ಬಾಗಿಲವರೆಗೆ ಜನ. ವಯಸ್ಸು, ಎಂದ ರಾಮದಾಸ. ಮಾಸ್ತರರ ತಲೆ, ಎಂದ ಮಂಜು. ಅಂಪೈರು ಕುಮಟೆಯವನು, ಎಂದ ಮೂರನೆಯವನೊಬ್ಬ. ಬೋಳಿಸಿದ್ದೇ ಅಪಶಕುನ ಎಂದವರೂ ಇದ್ದರು, ಗಜಾನನನ ಎದುರಿಗೇ. ನಾನು ಅವತ್ತು ಮೊದಲೇ ಮುಖ ಒರೆಸಿಕೊಂಡು ಎದ್ದಿದ್ದರಿಂದ ಬಾಯಿ ಹಾಕುವ ಧೈರ್ಯ ಮಾಡಿದೆ: ಆ ಸಾರು, ಆ ಏಡಿ, ಆ ಅವಲಕ್ಕಿ? ಬೆಂಚು ನನ್ನನ್ನು ಕನಿಕರದಿಂದ ನೋಡಿತು. "ಕಾಲೇಜು ಮಾಸ್ತರೇ, ಮೀನ್ಸಾರು ಉಂಡು ಸೋತವ್ರನ್ನ ಎಲ್ಲಾದ್ರೂ ಕಂಡಿದ್ರಾ? ಅದೆಲ್ಲಾ ನಿಮ್ಮ ಪುಸ್ತಕದಲ್ಲೇ ಇರ್ಲಿ." ವಯೋವಾದವೂ ಕೋಚುವಾದವೂ ಆ ದಿನ ಮೊದಲ ಬಾರಿಗೆ ಒಂದಾದವು, ನನ್ನ ವಿರುದ್ಧ. ಆ ಒಗ್ಗಟ್ಟಿನಲ್ಲೇ ಪುಂಡಲೀಕ ಮಾಸ್ತರರನ್ನು ತಂಡದಿಂದ ಬಿಡಿಸಲಾಯಿತು. ಅವರು ಈಗಲೂ ಸೀಟಿ ಹಾಕಿಕೊಂಡೇ ತರಕಾರಿಗೆ ಬರುತ್ತಾರೆ. ಊದುವುದಿಲ್ಲ, ಅಷ್ಟೆ.

ಸುಬ್ರಾಯ ಮಾತಿನಂತೆ ಮತ್ತೆ ಅಂಗಳ ಹತ್ತಲಿಲ್ಲ. ಮಳೆಗಾಲ ಬಂತು, ಮೀಸೆಯೂ ಬಂತು, ಆದರೆ ಅರ್ಧ ನರೆತು. ಒಂದು ಭಾನುವಾರ ನಾನು ಕುರ್ಚಿಯಲ್ಲಿ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಕನ್ನಡಿಯಲ್ಲಿ ಅವನು ಕಾಣಿಸಿಕೊಂಡ. ಬೆಂಚು ಈ ಸಲ ಭಕ್ತಿಯಿಂದ ಸರಿಯಲಿಲ್ಲ, ಒಬ್ಬನಿಗೆ ಬೇಕಾದಷ್ಟು ಜಾಗ ಬಿಟ್ಟಿತು. ಅವನು ಕೂತ. ಹೊಸ ದಾಳಿಗಾರನ ಮಾತು ನಡೆಯುತ್ತಿತ್ತು. ಸ್ವಲ್ಪ ಹೊತ್ತು ಕೇಳಿ ಸುಬ್ರಾಯ ಬಾಯಿಬಿಟ್ಟ. ಹುಡುಗನಿಗೆ ಕಾಲಿಲ್ಲ, ಹೊಸ ಕೋಚಿಗೆ ತಲೆಯಿಲ್ಲ, ಈಗಿನವರಿಗೆ ದಮ್ಮೇ ಇಲ್ಲ, ಕುಮಟೆಯಲ್ಲಿ ತಾನು ಒಂದೇ ದಮ್ಮಿಗೆ ಐದು ಜನರನ್ನು ಮುಟ್ಟಿರಲಿಲ್ಲವೇ? ರಾಮದಾಸನನ್ನೂ ಮಂಜುವನ್ನೂ ಒಟ್ಟಿಗೆ ಮೀರಿಸುವ ತಿರಸ್ಕಾರ ಅವನಲ್ಲಿತ್ತು. ಆಡಿ ಗೊತ್ತಿದ್ದವನಾದ್ದರಿಂದ ಎಲ್ಲಿ ಚುಚ್ಚಬೇಕೆಂದೂ ಗೊತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಪರವೂರಿನ ಗಿರಾಕಿಯೊಬ್ಬ ನಕ್ಕ. "ನೀವೆಲ್ಲಾ ಹೇಳುದೇ ಆತು. ಒಂದೇ ದಮ್ಮಿಗೆ ಐದು ಜನ ಮುಟ್ಟೂಕೆ ಆಗ್ತದಾ? ಕಂಡವ್ರು ಯಾರಿದ್ರು?"

ನನಗೆ ಆಶ್ಚರ್ಯವಾಯಿತು. ಹತ್ತು ವರ್ಷದಿಂದ ಕುಮಟೆಯ ದಾಳಿಯನ್ನು ಕಂಡಿದ್ದ ಬೆಂಚಿನ ಕಣ್ಣುಗಳೆಲ್ಲ ನೆಲ ನೋಡುತ್ತಿದ್ದವು. ಸೋತವನ ಸಾಕ್ಷಿಯಾಗುವುದು ಯಾರಿಗೂ ಬೇಕಿರಲಿಲ್ಲ. ಸುಬ್ರಾಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ತಾಗಿತು.

"ಈ ಕಾಲೇಜು ಮಾಸ್ತರು ಇದ್ರಲ್ಲ ಅಲ್ಲಿ," ಎಂದ. "ಹಿಂದಿನ ಸಾಲಿನಲ್ಲಿ, ಕೊಡೆ ಹಿಡ್ಕಂಡು ನಿಂತಿದ್ರು. ನಂಗೆ ಚಲೋ ನೆಂಪದೆ. ಓದ್ದವ್ರು, ಸುಳ್ಳು ಹೇಳ್ತ್ರಾ? ಕೇಳಿ ಬೇಕಾದ್ರೆ."

ಅಂಗಡಿಗೆ ಅಂಗಡಿಯೇ ನನ್ನ ಕಡೆ ತಿರುಗಿತು. ಮಳೆ ಕಾಣದ ಆ ತಿಂಗಳು, ಧಾರವಾಡದ ಹಾಸ್ಟೆಲ್ಲು, ಗುರುಗಳು, ಆಕರಗಳು, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ನಾನು ಕೊಟ್ಟ ಕೊಡೆಯನ್ನೇ ಅವನು ನನಗೆ ಹಿಂದಿರುಗಿಸುತ್ತಿದ್ದ. ಬಹುಶಃ ಅವನಿಗೂ ಈಗ ಅದು ಕಾಣುತ್ತಿದ್ದಿರಬೇಕು. ದಮ್ಮು ಹಿಡಿದು ಓಡುವವನು ಎಷ್ಟು ಜನರನ್ನು ಮುಟ್ಟಿದೆನೆಂದು ತಾನೇ ನೋಡಲಾರ, ಗೆರೆ ದಾಟಿದ ಮೇಲೆ ಬೇರೆಯವರು ಹೇಳಿದ್ದನ್ನು ನಂಬಬೇಕು. ಗಜಾನನ ಕತ್ತಿ ಎತ್ತಿ, ನನ್ನ ಮುಖ ಒರೆಸಿ, ನಾನು ಮಾತಾಡಲೆಂದು ಕಾದು ನಿಂತ. ಕೆನ್ನೆ ನುಣ್ಣಗಾಗಿತ್ತು. ಬಾಯಿ ತೆರೆಯಲು ಇನ್ನು ಯಾವ ಅಡ್ಡಿಯೂ ಇರಲಿಲ್ಲ.

"ಗಜು," ಎಂದೆ, "ಸರಿಯಾಗಲಿಲ್ಲ. ಇನ್ನೊಂದು ಸಲ ಸಾಬೂನು ಹಚ್ಚು."